ಘಟ್ಟದ ಹಳಿಯ ಮೇಲೆ ಗೂಡ್ಸ್ ರೈಲಿನ ಭಾರ

ಕೊಡಗಿನಲ್ಲಿ ರೈಲು ಮಾರ್ಗವಿಲ್ಲ. ಆದರೆ ಸೋಮವಾರಪೇಟೆ, ಶನಿವಾರಸಂತೆ ಕಡೆಯ ನಮಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿ ದೂರದ್ದೇನಲ್ಲ. ಸುಮಾರು 55 ಕಿ.ಮೀ. ಉದ್ದದ ಈ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗಮಿತಿಯೇ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಸುತ್ತದೆ. ಅದರ ಮೇಲೆ ನಡುವಿನ ನಿಲ್ದಾಣಗಳಲ್ಲಿ ಪ್ರಯಾಣಿಕರ ರೈಲು ಕಾಯಬೇಕಾಗಿ ಬಂದರೆ, ಅದಕ್ಕೆ ಅದೇ ಒಂಟಿ ಹಳಿಯಲ್ಲಿ ಸಾಗುವ ಗೂಡ್ಸ್ ರೈಲಿನ ಭಾರವೂ ಒಂದು ದೊಡ್ಡ ಕಾರಣ.

ಈ ಘಟ್ಟದ ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಸಂಪಾಜೆ ಘಾಟಿಯಲ್ಲಿ ಕಾಫಿ ಲಾರಿಗಳು ಇದಕ್ಕಿಂತ ಕಡಿದಾದ ಏರನ್ನು ಹತ್ತುತ್ತವೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಸಿಗುವ ಹಿಡಿತ ಬಹಳ ಕಡಿಮೆ. ಸಮತಟ್ಟಿನಲ್ಲಿ ಒಂದು ಟನ್ ಭಾರವನ್ನು ಎಳೆಯಲು ಕೆಲವೇ ಕಿಲೋಗಳಷ್ಟು ಬಲ ಸಾಕು. ಈ ಏರಿನಲ್ಲಿ ಅದರ ಜೊತೆಗೆ ಇನ್ನೂ 20 ಕಿಲೋ ಬೇಕು. ಬಯಲುಸೀಮೆಯಲ್ಲಿ ಓಡುವ, 58 ತುಂಬಿದ ವ್ಯಾಗನ್‌ಗಳ ರೈಲು ಸುಮಾರು 4,700 ಟನ್ ತೂಗುತ್ತದೆ. ಅದನ್ನು ಹಾಗೆಯೇ ಘಟ್ಟಕ್ಕೆ ತಂದರೆ ಗುರುತ್ವವೊಂದೇ ಅದನ್ನು 94 ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಹೊರಡುವಾಗ ತೋರಬಲ್ಲ ಗರಿಷ್ಠ ಎಳೆತ ಸುಮಾರು 54 ಟನ್. ಅಂದರೆ ಒಂದು ಎಂಜಿನ್ ಸಾಲದು. ಬೇಕಾದ ಅಷ್ಟೂ ಎಳೆತವನ್ನು ಮುಂದಿನಿಂದಲೇ ಹಾಕಿದರೆ ಮೊದಲ ವ್ಯಾಗನ್‌ಗಳ ಕಪ್ಲಿಂಗ್ ತುಂಡಾಗುವ ಅಪಾಯವಿರುವುದರಿಂದ, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ.

ನನ್ನ ಎಣಿಕೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಠಿಣ. ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಇಳಿದಾಗ ಬ್ರೇಕ್ ಹಿಡಿಯುತ್ತದೆ. ಆ ಇಳಿಕೆ ಅರ್ಧ ಕಿಲೋಮೀಟರಿಗೂ ಮೀರಿದ ರೈಲಿನ ಕೊನೆಗೆ ತಲುಪಲು ಸಮಯ ಬೇಕು. ಮತ್ತೆ ಮತ್ತೆ ಬ್ರೇಕ್ ಹಾಕಿ ಬಿಟ್ಟರೆ ಗಾಳಿ ತುಂಬಿಕೊಳ್ಳುವ ಮೊದಲೇ ಮುಂದಿನ ಇಳಿಜಾರು ಎದುರಾಗುತ್ತದೆ, ಚಕ್ರಗಳೂ ಬಿಸಿಯಾಗುತ್ತವೆ. ಹಾಗಾಗಿ ಲೋಕೋ ಪೈಲಟ್ ಎಂಜಿನ್ನಿನ ಡೈನಾಮಿಕ್ ಬ್ರೇಕನ್ನು (ಮೋಟಾರುಗಳನ್ನೇ ಜನರೇಟರ್‌ಗಳಾಗಿಸಿ ವೇಗ ತಗ್ಗಿಸುವ ಬ್ರೇಕ್) ಬಹಳವಾಗಿ ನಂಬಿ, ನಿಧಾನವಾಗಿಯೇ ಇಳಿಸಬೇಕಾಗುತ್ತದೆ. ಈ ನಿಧಾನವನ್ನು ದೂರುವುದು ನ್ಯಾಯವಲ್ಲ.

ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ರೈಲು ಇರಬೇಕೆಂಬ ನಿಯಮವಿರುವಲ್ಲಿ, ಒಂದು ಗೂಡ್ಸ್ ತೆವಳುವಷ್ಟು ಹೊತ್ತೂ ಉಳಿದವು ನಿಲ್ಲಲೇಬೇಕು. ಏರಿನ ನಡುವೆ ನಿಂತ ಭಾರಿ ರೈಲನ್ನು, ಅದರಲ್ಲೂ ಮಳೆಗೆ ನೆನೆದ ಹಳಿಯ ಮೇಲೆ, ಮತ್ತೆ ಹೊರಡಿಸುವುದು ಕಷ್ಟವಾದ್ದರಿಂದ, ಹಗುರವಾದ ಪ್ರಯಾಣಿಕರ ರೈಲನ್ನೇ ನಿಲ್ದಾಣದ ಪಕ್ಕದ ಹಳಿಯಾದ ಲೂಪ್ ಲೈನಿನಲ್ಲಿ ನಿಲ್ಲಿಸುವುದು ಹಲವು ಸಲ ವಿವೇಕದ ನಿರ್ಧಾರವಾಗಿರುತ್ತದೆ.

ಮೈಸೂರು ಬಳಿಯ ಬೆಳಗೊಳದಿಂದ ಕುಶಾಲನಗರಕ್ಕೆ ಪ್ರಸ್ತಾಪವಾಗಿರುವ ಮಾರ್ಗಕ್ಕೆ ಈ ತೊಡಕು ಅಷ್ಟಾಗಿ ಇಲ್ಲ, ಅದು ಪ್ರಸ್ಥಭೂಮಿಯ ಮೇಲೆಯೇ ಸಾಗುತ್ತದೆ. ಅದನ್ನು ಮಡಿಕೇರಿಯ ಮೂಲಕ ಕರಾವಳಿಗೆ ಇಳಿಸಬೇಕೆನ್ನುವವರು ಮಾತ್ರ ಗೂಡ್ಸ್ ರೈಲಿನ ಲೆಕ್ಕವನ್ನು ಮೊದಲು ಮುಂದಿಡಬೇಕು. 50ಕ್ಕೆ 1ರ ಇಳಿಜಾರಿನಲ್ಲಿ ಸಾವಿರ ಮೀಟರ್ ಇಳಿಯಲು 50 ಕಿ.ಮೀ. ಹಳಿ ಬೇಕು, ಗೂಡ್ಸ್‌ಗೆ ಅನುಕೂಲವಾಗಲೆಂದು ಇಳಿಜಾರನ್ನು 100ಕ್ಕೆ 1 ಮಾಡಿದರೆ 100 ಕಿ.ಮೀ. ಬೇಕು. ಆ ಉದ್ದವನ್ನೆಲ್ಲ 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳ ನೆರೆಯಲ್ಲೇ ಕಡಿಯಬೇಕಾಗುತ್ತದೆ.