ನೀರಿನ ಜಗಳಕ್ಕೆ ಗುತ್ತಿಗೆದಾರನನ್ನು ಕರೆಸಿದ್ದು

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿದ್ದಾಗ, ವರ್ತೂರಿನ ಆಸುಪಾಸಿನ ನಮ್ಮ ಬಡಾವಣೆಗೆ ಇನ್ನೂ ಕಾವೇರಿ ನೀರು ಬಂದಿರಲಿಲ್ಲ. ಬೀದಿಯ ಕೊನೆಯ ಮಿನಿ ಟ್ಯಾಂಕಿನ ನಲ್ಲಿಗೆ, ಪಕ್ಕದ ತಗಡಿನ ಶೆಡ್‌ಗಳಲ್ಲಿದ್ದ ಕಟ್ಟಡ ಕಾರ್ಮಿಕರೂ ಕೊಡ ಹಿಡಿದು ಬರತೊಡಗಿದ ಮೇಲೆ ಜಗಳ ಶುರುವಾಯಿತು. ಅವರಲ್ಲಿ ಪಶ್ಚಿಮ ಬಂಗಾಳದ ಮಾಲ್ಡಾ, ಮುರ್ಷಿದಾಬಾದ್ ಕಡೆಯವರೇ ಹೆಚ್ಚು. ಯಾದಗಿರಿಯ ಕೆಲವು ಕುಟುಂಬಗಳೂ ಇದ್ದವು. ಒಂದು ಭಾನುವಾರ ಹುಡುಗನೊಬ್ಬನ ಕೊರಳಪಟ್ಟಿಗೆ ಕೈ ಬಿದ್ದಾಗ, ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದ ನನ್ನನ್ನು ಕರೆದರು.

ನಾನು ಹೋಗುವಷ್ಟರಲ್ಲಿ ಮಾತು ನೀರನ್ನು ಬಿಟ್ಟು, ಇವರಿಗೆ ಕನ್ನಡ ಬಾರದು, ಇವರ ಆಧಾರ್ ನಿಜವೋ ಸುಳ್ಳೋ ಎಂಬಲ್ಲಿಗೆ ಹೋಗಿತ್ತು. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಈ ಊರಿನಿಂದ ರೈಲು ಹತ್ತಿದ್ದನ್ನು ಕಂಡವನಾದ್ದರಿಂದ, ನೀರಿನ ಹೊರತು ಬೇರೆ ಮಾತು ಬೇಡವೆಂದು ಮೊದಲೇ ಹೇಳಿದೆ.

"ನಾವು ತಿಂಗಳಾ ತಿಂಗಳಾ ದುಡ್ಡು ಕಟ್ತೀವಿ, ಇವರೇನು ಕಟ್ತಾರೆ ಹೇಳಿ ಸಾರ್?" ಎಂದು ಎದುರು ಮನೆಯ ಹಿರಿಯರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಕೊಟ್ಟವನು ಯಾದಗಿರಿಯ ಮೇಸ್ತ್ರಿ: "ನೀರಿಗಂತ ಗುತ್ತೇದಾರ ನಮ್ಮ ಪಗಾರದಾಗ ರೊಕ್ಕ ಹಿಡಕೊಳ್ಳಾಕತ್ತಾನ್ರಿ ಸರ, ಟ್ಯಾಂಕರ್ ಮಾತ್ರ ಬಂದಿಲ್ರಿ."

ಅಲ್ಲಿಯವರೆಗೆ ಯಾರೂ ಆ ಗುತ್ತಿಗೆದಾರನ ಹೆಸರೆತ್ತಿರಲಿಲ್ಲ. ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ತಕ್ಕ ವಸತಿ ಒದಗಿಸುವುದು ಗುತ್ತಿಗೆದಾರನ ಹೊಣೆಯಾಗಿತ್ತು. ಅವನು ಕೈಚೆಲ್ಲಿದರೆ ಅದು ಕೆಲಸ ಕೊಟ್ಟ ಮೂಲ ಮಾಲೀಕನ, ಅಂದರೆ ಬಿಲ್ಡರ್‌ನ, ಮೇಲೆ ಬೀಳುತ್ತಿತ್ತು. ವಿಚಿತ್ರವೆಂದರೆ, ಕನ್ನಡ ಬಲ್ಲ ಯಾದಗಿರಿಯವರಿಗೆ ಈ ಕಾಯ್ದೆಯ ಆಸರೆಯಿರಲಿಲ್ಲ, ಏಕೆಂದರೆ ಅವರು ರಾಜ್ಯದ ಗಡಿ ದಾಟಿ ಬಂದವರಲ್ಲ. ಆದರೆ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಅಲ್ಲೇ ಅಥವಾ ಹತ್ತಿರದಲ್ಲಿ ತಾತ್ಕಾಲಿಕ ವಸತಿ ಕೊಡಬೇಕೆನ್ನುತ್ತಿದ್ದ, ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಊರು ಯಾವುದೆಂದು ಕೇಳುತ್ತಿರಲಿಲ್ಲ.

ಫೋನಿನಲ್ಲಿ "ನೀವು ನೀವೇ ಸರಿ ಮಾಡ್ಕೊಳ್ಳಿ" ಎಂದಿದ್ದ ಗುತ್ತಿಗೆದಾರ, ಬಿಲ್ಡರ್‌ಗೆ ಪತ್ರ ಬರೆಯುತ್ತೇವೆಂದ ಮೇಲೆ ಸಂಜೆಯೇ ಬಂದ. ಟ್ಯಾಂಕರ್ ದುಬಾರಿ ಎಂದು ಅವನು ರಾಗ ಎಳೆದಾಗ, ಜಿಲ್ಲಾಡಳಿತ ಮಾರ್ಚ್‌ನಲ್ಲಿ ಗೊತ್ತುಮಾಡಿದ್ದ ದರವನ್ನು ಮುಂದಿಟ್ಟೆವು: 5 ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ. ದಿನ ಬಿಟ್ಟು ದಿನ ಟ್ಯಾಂಕರ್ ತರಿಸುವುದು, ಅದು ಬರುವವರೆಗೆ ರಾತ್ರಿ ಹತ್ತರ ನಂತರ ನಲ್ಲಿ ಶೆಡ್‌ನವರಿಗೆ ಎಂದು ತೀರ್ಮಾನವಾಯಿತು. ಹಗಲೆಲ್ಲ ದುಡಿದವರಿಗೆ ಅದು ನ್ಯಾಯವಾದ ಹೊತ್ತಲ್ಲ. ಬೀದಿಯವರು ಅದಕ್ಕಿಂತ ಮುಂಚಿನ ಸಮಯಕ್ಕೆ ಒಪ್ಪಲಿಲ್ಲ.

ಹಿಡಿದುಕೊಂಡ ಹಣವನ್ನು ಮಾತ್ರ ಗುತ್ತಿಗೆದಾರ ಹಿಂದಿರುಗಿಸಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಬರೆದುಕೊಡುತ್ತೇನೆಂದರೂ, ಕೆಲಸ ಹೋದೀತೆಂದು ಮೇಸ್ತ್ರಿ ಸಹಿ ಹಾಕಲು ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ.