ಕಕ್ಕಡ ಹದಿನೆಂಟು, ಇಪ್ಪತ್ತನೆಯ ಚೌಕ

3 ಆಗಸ್ಟ್ 2025, ಭಾನುವಾರ
ಸುಂಟಿಕೊಪ್ಪ

ನಿನ್ನೆ ಸಂಜೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮಳೆಯೂ ಬಿಟ್ಟಿಲ್ಲ. ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹನ್ನೊಂದೂವರೆ ಹೊತ್ತಿಗೆ, ಬಟ್ಟೆ ತುಂಡು ಜೋಡಿಸಿ ಕೈಯಲ್ಲೇ ಹೊಲಿಯುತ್ತಿರುವ ನನ್ನ ಹೊದಿಕೆಯ ಇಪ್ಪತ್ತನೆಯ ಚೌಕದ ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದೆ. ಮೊದಲನೆಯದನ್ನು ಮುಗಿಸಿದ್ದು 2018ರ ಜನವರಿಯಲ್ಲಿ. ಏಳೂವರೆ ವರ್ಷ ಆಯಿತು. ಇವರಿಗೆ ಹೇಳೋಣವೆಂದರೆ ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಭಾನುವಾರವಾದರೂ. ಹಾಗಾಗಿ ಮೊದಲು ಗೊತ್ತಾದದ್ದು ಪಕ್ಕದ ಮನೆಯ ಅಕ್ಕನಿಗೆ.

ಅಕ್ಕ ಬಂದದ್ದು ಮದ್ದು ಸೊಪ್ಪಿನ ಕಟ್ಟು ಹಿಡಿದುಕೊಂಡು. ಇವತ್ತು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಈ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿಯ ಗುಣ ತುಂಬಿಕೊಳ್ಳುವುದು ಈ ದಿನವೇ ಎಂದು ಕೊಡವರ ಮನೆಗಳಲ್ಲಿ ಹೇಳುತ್ತಾರೆ. ಸೊಪ್ಪು, ಕಾಂಡ ಎರಡನ್ನೂ ಬೇಯಿಸಿ ಸೋಸಿದರೆ ಕಡು ನೇರಳೆ ನೀರು. ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ನಾನು ಗದಗಿನ ಕಡೆಯವಳು. 1994ರಲ್ಲಿ ಮದುವೆಯಾಗಿ ಈ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಈ ಬಣ್ಣ ನೋಡಿ ಹೆದರಿದ್ದೆ. ಈಗ ವರ್ಷಕ್ಕೊಮ್ಮೆ ಅದಿಲ್ಲದಿದ್ದರೆ ಕಕ್ಕಡ ಬಂತು ಅಂತಲೇ ಅನ್ನಿಸುವುದಿಲ್ಲ.

"ಎಂತ ಟೀಚರೆ, ಮುಗೀತಾ?" ಎಂದರು ಅಕ್ಕ. ಮುಗಿಯಿತು ಅಂದೆ. ಪೂರ್ತಿ ಅಲ್ಲ, ಚೌಕಗಳು ಮುಗಿದವು. ಇನ್ನು ಅವನ್ನೆಲ್ಲ ಒಂದಕ್ಕೊಂದು ಸೇರಿಸಬೇಕು.

ಇದು ಶುರುವಾದ ಬಗೆ ಬರೆದಿಡುತ್ತೇನೆ, ಮುಂದೆ ಮಗಳು ಕೇಳಬಹುದು. 2017ರ ಡಿಸೆಂಬರಿನಲ್ಲಿ ಅಕ್ಕನ ಹೋಂಸ್ಟೇಯಲ್ಲಿ ಅಮೆರಿಕದ ಒಬ್ಬ ವಯಸ್ಸಾದ ಹೆಂಗಸು ಹತ್ತು ದಿನ ಇದ್ದರು. ಎಲ್ಲರೂ ಅಬ್ಬಿ ಜಲಪಾತ, ರಾಜಾಸೀಟು ಅಂತ ತಿರುಗುತ್ತಿದ್ದರೆ ಇವರು ಜಗಲಿಯಲ್ಲಿ ಕೂತು ಸಣ್ಣ ಸಣ್ಣ ಬಟ್ಟೆ ತುಂಡುಗಳನ್ನು ಸೂಜಿಯಲ್ಲಿ ಜೋಡಿಸುತ್ತಿದ್ದರು. ನನ್ನ ಅವ್ವ ಕೌದಿ ಹೊಲಿಯುವವಳು. ಹಾಗಾಗಿ ಕೈಯಲ್ಲಿ ಬಟ್ಟೆ ಹಿಡಿದು ಕೂತವರನ್ನು ಕಂಡರೆ ನನಗೆ ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತದೆ. ಅವರು ಮಾಡುತ್ತಿದ್ದದ್ದು ಸ್ಯಾಂಪ್ಲರ್. ಒಂದೇ ಅಳತೆಯ ಚೌಕಗಳು, ಆದರೆ ಒಂದೊಂದು ಚೌಕಕ್ಕೆ ಒಂದೊಂದು ಹಳೆಯ ವಿನ್ಯಾಸ. ಅವರ ಕಡೆ ಆ ವಿನ್ಯಾಸಗಳಿಗೆಲ್ಲ ಹೆಸರಿದೆ: ಓಹಾಯೊ ಸ್ಟಾರ್, ಬೇರ್ಸ್ ಪಾ ಅಂದರೆ ಕರಡಿ ಪಾದ, ಲಾಗ್ ಕ್ಯಾಬಿನ್. ಹೊರಡುವ ಮುಂಚೆ ನೈನ್ ಪ್ಯಾಚ್ ಅಂದರೆ ಒಂಬತ್ತು ಚೌಕಳಿ ಹೇಳಿಕೊಟ್ಟರು. ಅಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಇದನ್ನೇ ಅಂತೆ.

ಆ ಚಳಿಗಾಲದಲ್ಲೇ ಊರಿಗೆ ಹೋದಾಗ ಅವ್ವನಿಗೆ ತೋರಿಸಿದೆ. ಅವ್ವನಿಗೆ ಸಿಟ್ಟು ಬಂತು. "ಹೊಸಾ ಅರಿವಿ ಕತ್ತರಿಸಿ ಮತ್ತ ಕೂಡಿಸ್ತಾರೇನ ಯಾರರ?" ಎಂದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಕೌದಿಯಲ್ಲಿ ಬಟ್ಟೆ ಹರಿದ ಮೇಲೆ ಬರುತ್ತದೆ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುತ್ತ ಬಂದರೆ ತುಂಡು ಕೂಡಿಸುವುದು, ಪದರ ಬಿಗಿಯುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಹಾಗೆಯೇ. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ತ್ರಿಕೋನದ ಹೂವು ಇಡುತ್ತಾರೆ. ಈ ಸ್ಯಾಂಪ್ಲರಿನಲ್ಲಿ ಮಾತ್ರ ಮೊದಲು ಮೇಲಿನ ಒಂದೇ ಪದರ ಪೂರ್ತಿ ಸಿದ್ಧವಾಗಬೇಕು, ಆಮೇಲೆ ಒಳಪದರ, ಅಡಿಪದರ. ಅವ್ವನಿಗಾಗಿ ಒಂದು ಕಟ್ಟು ಹಾಕಿಕೊಂಡೆ: ಅಂಗಡಿಯಿಂದ ಹೊಸದಾಗಿ ಕೊಳ್ಳುವುದು ಬಿಳಿ ಪಾಪ್ಲಿನ್ ಒಂದನ್ನೇ. ಉಳಿದದ್ದೆಲ್ಲ ರವಿಕೆ ಹೊಲಿಸಿ ಮಿಕ್ಕದ್ದು, ಇವರ ಹತ್ತಿ ಅಂಗಿ, ಮಗಳ ಶಾಲೆಯ ಲಂಗ. ಅದನ್ನು ಇವತ್ತಿನವರೆಗೂ ಮುರಿದಿಲ್ಲ.

ಮನೆಯಲ್ಲಿ ಹೊಲಿಗೆ ಮಷೀನಿದೆ, ಆದರೂ ಯಾಕೆ ಕೈಯಲ್ಲಿ ಅಂತ ನೋಡಿದವರೆಲ್ಲ ಕೇಳುತ್ತಾರೆ. ಕಾರಣ ಹೊಲಿಗೆ ನಿಲ್ಲುವ ಜಾಗದಲ್ಲಿದೆ. ಗಟ್ಟಿ ರಟ್ಟಿನಲ್ಲೋ ಹಳೆಯ ಎಕ್ಸ್‌ರೇ ಹಾಳೆಯಲ್ಲೋ ಆಕಾರ ಕತ್ತರಿಸಿ, ಬಟ್ಟೆಯ ಹಿಂಬದಿಗೆ ಇಟ್ಟು ಪೆನ್ಸಿಲ್ ಗೆರೆ ಎಳೆಯಬೇಕು. ಬಟ್ಟೆ ಜಾರದಿರಲು ಕೆಳಗೆ ಸ್ಯಾಂಡ್ ಪೇಪರ್, ಬಡಗಿಗಳ ಉಪ್ಪುಕಾಗದ. ಆ ಗೆರೆಯೇ ಹೊಲಿಗೆಯ ದಾರಿ. ಗೆರೆಯ ಹೊರಗೆ ಸುತ್ತಲೂ ಕಾಲಿಂಚು ಬಿಟ್ಟು ಕತ್ತರಿ ಹಾಕಬೇಕು. ಎರಡು ತುಂಡುಗಳ ಗೆರೆ ಒಂದರ ಮೇಲೊಂದು ಕೂರುವಂತೆ ಎರಡೂ ತುದಿಗೆ ಗುಂಡುಪಿನ್ನು ಚುಚ್ಚಿ, ಒಂದು ಮೂಲೆಯ ಚುಕ್ಕೆಯಿಂದ ಇನ್ನೊಂದು ಮೂಲೆಯ ಚುಕ್ಕೆಗೆ ರನ್ನಿಂಗ್ ಹೊಲಿಗೆ. ಇಂಚಿಗೆ ಎಂಟೋ ಹತ್ತೋ. ಮೂರು ನಾಲ್ಕು ಹೊಲಿಗೆಗೊಮ್ಮೆ ಹಿಂದಕ್ಕೊಂದು. ಚುಕ್ಕೆ ಬಂದ ಕೂಡಲೇ ನಿಲ್ಲಬೇಕು, ಆ ಕಾಲಿಂಚಿನ ಒಳಗೆ ಸೂಜಿ ಹೋಗಬಾರದು. ಮಷೀನಿನಲ್ಲಿ ಸಾಮಾನ್ಯವಾಗಿ ಈ ತುದಿಯಿಂದ ಆ ತುದಿಗೆ ಓಡಿಸಿಬಿಡುತ್ತೇವೆ, ಹಿಂಬದಿಯ ಆ ಕಾಲಿಂಚಿನ ಮಡಿಕೆ ಒಂದೇ ಕಡೆ ಮಲಗಿ ಅಲ್ಲೇ ಬಿಗಿದುಹೋಗುತ್ತದೆ. ಕೈಹೊಲಿಗೆಯಲ್ಲಿ ಮಡಿಕೆ ಬಿಡಿಬಿಡಿಯಾಗಿರುತ್ತದೆ. ನಾಲ್ಕು ತುಂಡು ಕೂಡುವಲ್ಲಿ ಸೂಜಿಯನ್ನು ಮಡಿಕೆಯ ಬುಡದಲ್ಲಿ ಆಚೆಗೆ ದಾಟಿಸಿ, ಮತ್ತೆ ಗೆರೆ ಹಿಡಿಯುವುದು. ಆಮೇಲೆ ಹಿಂಬದಿಯ ಮಡಿಕೆಗಳನ್ನು ಕಾಗದದ ಗಿರಗಿಟ್ಲೆಯ ರೆಕ್ಕೆಯಂತೆ ಒಂದೇ ದಿಕ್ಕಿಗೆ ತಿರುಗಿಸಿದರೆ ಆ ಜಾಗ ಉಬ್ಬದೆ ಚಪ್ಪಟೆಯಾಗಿ ಕೂರುತ್ತದೆ.

ಇದರ ಬೆಲೆ ನನಗೆ ಗೊತ್ತಾದದ್ದು ಎಂಟು ಮೂಲೆಯ ನಕ್ಷತ್ರ ಹೊಲಿಯುವಾಗ. ಎಂಟು ವಜ್ರದಾಕಾರದ ತುಂಡು, ಒಂದೊಂದರ ಚೂಪು ತುದಿ 45 ಡಿಗ್ರಿ, ಎಂಟೂ ಸೇರಿದರೆ ಪೂರ್ತಿ ಸುತ್ತು. ಒಂದೊಂದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಎಂಟನೆಯದು ಬರುವ ಹೊತ್ತಿಗೆ ನಡುವೆ ತೂತು ಬೀಳುತ್ತದೆ, ಇಲ್ಲವೆ ಗುಬುಟು ಏಳುತ್ತದೆ. ರೆಕ್ಕೆಗಳ ಸಂದಿನಲ್ಲಿ ನಾಲ್ಕು ಚೌಕ, ನಾಲ್ಕು ತ್ರಿಕೋನ ಕೂರಿಸಬೇಕು. ಅಲ್ಲಿ ಹೊಲಿಗೆ ಮೂಲೆಯಲ್ಲಿ ತಿರುಗುತ್ತದೆ. ತುದಿ ಬಿಡಿಯಾಗಿದ್ದರೆ ಮಾತ್ರ ಆ ತಿರುವು ಸಲೀಸು. ಮೂರು ಸಲ ಬಿಚ್ಚಿದೆ. ಬಿಚ್ಚುವಾಗ ಓರೆಯಾಗಿ ಕತ್ತರಿಸಿದ ಕ್ರಾಸ್ ಅಂಚು ಎಳೆದು ಹಿಗ್ಗಿಹೋಯಿತು. ನಾಲ್ಕನೆಯ ಸಲ ಹೊಸದಾಗಿ ಕತ್ತರಿಸಿ, ಚೌಕ ತ್ರಿಕೋನಗಳ ಹೊರ ಅಂಚಿಗೆ ಬಟ್ಟೆಯ ನೇರ ಎಳೆ ಬರುವಂತೆ ನೋಡಿಕೊಂಡೆ. ಆಗ ಸರಿಯಾಗಿ ಕೂತಿತು. ಅದು ನನ್ನ ನಾಲ್ಕನೆಯ ಚೌಕ. 2018ರ ಜುಲೈ.

ಐದನೆಯದು ಶುರುವಾದದ್ದು 2019ರ ಫೆಬ್ರವರಿಯಲ್ಲಿ. ನಡುವೆ 2018ರ ಆ ಆಗಸ್ಟ್ ಇದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಕುಸಿದು, ರಸ್ತೆಗಳು ಕಿತ್ತುಹೋಗಿ, ಜನ ಉಟ್ಟ ಬಟ್ಟೆಯಲ್ಲಿ ಇಳಿದು ಬಂದರು. ನಾವು ಮೇಷ್ಟರುಗಳೆಲ್ಲ ಪರಿಹಾರ ಕೇಂದ್ರದಲ್ಲಿದ್ದೆವು. ಎರಡನೆಯ ರಾತ್ರಿ ಹೊದಿಕೆ ಸಾಲಲಿಲ್ಲ. ಮನೆಗೆ ಬಂದು ಅವ್ವ ಹೊಲಿದುಕೊಟ್ಟಿದ್ದ ಎರಡು ಕೌದಿ ಒಯ್ದು ಕೊಟ್ಟೆ. ಒಬ್ಬ ಅಜ್ಜಿ ಅದನ್ನು ಹೊದೆಯುವ ಮೊದಲು ಹೊಲಿಗೆಯ ಸಾಲಿನ ಮೇಲೆ ಬೆರಳು ಆಡಿಸಿ, "ಇದು ಕೈಯಲ್ಲಿ ಹೊಲಿದದ್ದಲ್ವಾ ಮಗಾ" ಎಂದರು. ಆ ಕೌದಿಗಳು ಎಲ್ಲಿಗೆ ಹೋದವೋ ನಾನು ವಿಚಾರಿಸಲಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದಾಗ, "ಛಲೋ ಮಾಡಿದಿ" ಅಂದಳು. ಅಷ್ಟೇ ಹೇಳಿದ್ದು. ಆಮೇಲೆ ಬಹಳ ತಿಂಗಳು ನಾನು ಸೂಜಿ ಮುಟ್ಟಲಿಲ್ಲ. ಪೆಟ್ಟಿಗೆ ತೆರೆದರೆ ಬರೀ ಚಂದಕ್ಕೆ ಬಟ್ಟೆ ಕತ್ತರಿಸುತ್ತಿದ್ದೇನೆ ಅನ್ನಿಸಿ ಮುಚ್ಚಿಬಿಡುತ್ತಿದ್ದೆ. ಮತ್ತೆ ಕೈಗೆತ್ತಿಕೊಂಡದ್ದು ಲಾಗ್ ಕ್ಯಾಬಿನ್. ನಡುವೆ ಒಂದು ಕೆಂಪು ಚೌಕ, ಅದು ಮನೆಯ ಒಲೆ. ಸುತ್ತ ಪಟ್ಟಿಗಳು, ಅರ್ಧ ತಿಳಿಬಣ್ಣ, ಅರ್ಧ ಗಾಢ. ಆ ಕೆಂಪಿಗೆ ಅವ್ವನ ಹಳೆಯ ಗುಳೇದಗುಡ್ಡದ ಖಣ ಹಾಕಿದೆ. ಖಣದ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ, ಕಾಲಿಂಚು ಸಾಲದು ಅಂತ ಗೊತ್ತಿತ್ತು. ಹಿಂದೆ ತೆಳು ಮಲ್ ಬಟ್ಟೆ ಕೊಟ್ಟು ಹೊಲಿದೆ.

2020ರಲ್ಲಿ ಆರು ಮೂಲೆಯ ಹೂವು. ಇದರ ರೀತಿ ಬೇರೆ. ಕಾಗದದ ಷಟ್ಕೋನದ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಚಿಗೆ ಅಂಚು ಹಿಡಿದು ಸುತ್ತುಹೊಲಿಗೆಯಲ್ಲಿ ಕೂಡಿಸಿ, ಕೊನೆಗೆ ಕಾಗದ ಕಿತ್ತು ತೆಗೆಯುವುದು. ಕಾಗದಕ್ಕೆ ಹಳೆಯ ಮದುವೆ ಕರೆಯೋಲೆಗಳಷ್ಟು ಒಳ್ಳೆಯದು ಬೇರೆ ಇಲ್ಲ. ಮಡಿಕೆ ಚೂಪಾಗಿ ನಿಲ್ಲುತ್ತದೆ. ಆ ವರ್ಷ ಯಾರ ಮದುವೆಗೂ ಹೋಗುವ ಹಾಗಿರಲಿಲ್ಲ, ಹಿಂದಿನ ವರ್ಷಗಳ ಕರೆಯೋಲೆ ಕತ್ತರಿಸುತ್ತ ಕೂತಿದ್ದೆ.

2021ರ ಮಳೆಗಾಲದಲ್ಲಿ ಆದ ನಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿಟ್ಟಿದ್ದೆ. ಸೆಪ್ಟೆಂಬರಿನಲ್ಲಿ, ಕೈಲ್ ಪೊಳ್ದ್ ಹಬ್ಬದ ಮರುದಿನ ತೆರೆದರೆ ಮೂರು ಚೌಕಕ್ಕೆ ಕಪ್ಪು ಬೂಷ್ಟು. ಒಂದನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ಊರಿನಲ್ಲಿ ಬಟ್ಟೆಗೆ ಗಾಳಿ ಬೇಕು. ಅಂದಿನಿಂದ ಹತ್ತಿಯ ಚೀಲದಲ್ಲಿ ಹಾಕಿ ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ ಇಡುತ್ತೇನೆ. ಎಲ್ಲಕ್ಕೂ ಸ್ವಲ್ಪ ಹೊಗೆಯ ವಾಸನೆ ಹತ್ತಿದೆ, ಇರಲಿ.

ಮಧ್ಯಾಹ್ನ ಇಪ್ಪತ್ತನ್ನೂ ಮಂಚದ ಮೇಲೆ ಹಾಸಿ, ಟೇಪು ಹಿಡಿದು ಅಳೆದೆ. ಸುತ್ತಲಿನ ಕಾಲಿಂಚು ಬಿಟ್ಟು ಎಲ್ಲವೂ 12 ಇಂಚು ಬರಬೇಕು. ಹದಿನೈದು ಸರಿಯಾಗಿವೆ. ಮೊದಲ ಒಂಬತ್ತು ಚೌಕಳಿ 11¾. ಗೆರೆಯ ಮೇಲೆ ಹೊಲಿಯುವ ಬದಲು ಒಳಗೊಳಗೇ ಹೊಲಿದಿದ್ದೇನೆ. ಕರಡಿ ಪಾದ 12¼. ಅದರ ತಪ್ಪು ಲೆಕ್ಕದ್ದು. ಆ ವಿನ್ಯಾಸ ಅಡ್ಡಕ್ಕೂ ಉದ್ದಕ್ಕೂ ಏಳು ಮನೆಯದು, 12ನ್ನು ಏಳರಿಂದ ಭಾಗಿಸಿದರೆ ಟೇಪಿನಲ್ಲಿ ಇರದ ಅಳತೆ ಬರುತ್ತದೆ. 14 ಇಂಚಿನ ಚೌಕವಾದರೆ ಮನೆಗೆ ಎರಡಿಂಚು, ಚೊಕ್ಕ. ನಾನು ಒಂದೂಮುಕ್ಕಾಲು ಇಟ್ಟುಕೊಂಡಿದ್ದೆ, ಏಳು ಸಲ ಕೂಡಿ ಕಾಲಿಂಚು ಮಿಕ್ಕಿತು. ಉಳಿದ ಮೂರಕ್ಕೆ ಸಣ್ಣ ಪುಟ್ಟ ವ್ಯತ್ಯಾಸ.

ಅಕ್ಕ, "ಆ ಒಂದನ್ನು ಹೊಸದು ಮಾಡಿಬಿಡಿ ಟೀಚರೆ, ಈಗ ನಿಮ್ಮ ಕೈ ಪಳಗಿದೆಯಲ್ಲ" ಎಂದರು. ಒಂಬತ್ತು ಚೌಕಳಿಯೇನು, ಎರಡು ದಿನದ ಕೆಲಸ. ಆದರೆ ಅದನ್ನು ತೆಗೆಯಲು ನನಗೆ ಮನಸ್ಸಿಲ್ಲ. ಅದು ಆ ಅಮೆರಿಕದ ಅಮ್ಮ ಪಕ್ಕದಲ್ಲಿ ಕೂತು ತೋರಿಸಿದ ಹೊಲಿಗೆಯಿಂದ ಆರಂಭವಾದದ್ದು. ಮೊದಲ ಎರಡು ತುಂಡು ಕೂಡಿಸಿದ್ದು ಅವರ ಕೈ. ಅದಕ್ಕೆ ದಾರಿಯೂ ಇದೆ. ಸುತ್ತ ಬರುವ ಎರಡಿಂಚಿನ ಪಟ್ಟಿಗಳನ್ನು ಸರಿಯಾಗಿ 12 ಇಂಚಿಗೇ ಗೆರೆ ಎಳೆದು ಕತ್ತರಿಸಬೇಕು, ಚೌಕಗಳೇ ಪಟ್ಟಿಗೆ ಹೊಂದಿಕೊಳ್ಳಬೇಕು. ಚಿಕ್ಕದರಲ್ಲಿ ಎರಡೂ ಕಡೆ ಅರೆಕಾಲು ಇಂಚಿನಷ್ಟು ಮಾರ್ಜಿನ್ ಕಡಿಮೆ ಹಿಡಿದು, ಅಲ್ಲಿ ಹಿಂದಕ್ಕೆ ಹಾಕುವ ಹೊಲಿಗೆ ಒತ್ತೊತ್ತಾಗಿ ಹಾಕುತ್ತೇನೆ. ದೊಡ್ಡದನ್ನು ತುದಿಗಳಿಗೆ, ನಡುವಿಗೆ ಪಿನ್ನು ಚುಚ್ಚಿ, ಉದ್ದದ ಬಟ್ಟೆ ಮೇಲೆ ಬರುವಂತೆ ತೋರುಬೆರಳಿನ ಮೇಲೆ ಬಾಗಿಸಿ ಹಿಡಿದು ಹೊಲಿದರೆ ಕಾಲಿಂಚು ಸುಕ್ಕಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ತೋಳು ಕೂರಿಸುವಾಗ ಟೈಲರುಗಳು ಮಾಡುವುದೂ ಹೀಗೆಯೇ.

ನಾಲ್ಕು ಚೌಕ ಅಗಲ, ಐದು ಉದ್ದ, ನಡುವೆಯೂ ಸುತ್ತಲೂ ಪಟ್ಟಿ ಸೇರಿ 58 ಇಂಚು 72 ಇಂಚು. ಹೊರಗೆ ನಾಲ್ಕಿಂಚಿನ ಅಂಚು ಕೊಟ್ಟರೆ 66ಕ್ಕೆ 80. ಒಳಗೆ ಹತ್ತಿಯ ಹಾಳೆ ಹಾಕುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಇಲ್ಲಿಯ ಥಂಡಿಯಲ್ಲಿ ಅದು ಒದ್ದೆಯಾದರೆ ವಾರವಾದರೂ ಒಣಗದು. ಅವ್ವ ಹೋದ ಮೇಲೆ ತಂದಿಟ್ಟುಕೊಂಡ ಅವಳ ಎರಡು ನೂಲಿನ ಸೀರೆಗಳಿವೆ, ಉಟ್ಟು ಉಟ್ಟು ಬೆಣ್ಣೆಯಂತಾಗಿವೆ. ಅವೇ ಒಳಪದರ.

ಸಂಜೆ ಪಾಯಸಕ್ಕೆ ಸೊಪ್ಪು ಬೇಯಿಸಿ ಸೋಸಿದೆ. ಬೆರಳೆಲ್ಲ ನೇರಳೆ. ಇವರು ಬಂದು ಚೌಕಗಳನ್ನು ನೋಡಲು ಕರೆದಾಗ ಕೈ ಒರೆಸಿಕೊಂಡೆ ಅಂದುಕೊಂಡೇ ಹೋದೆ. ಇಪ್ಪತ್ತನೆಯ ಚೌಕದ ಬಿಳಿಯ ಮೇಲೆ ಹೆಬ್ಬೆರಳು ಬಿತ್ತು. ತಣ್ಣೀರಿನಲ್ಲಿ ಅದ್ದಿ ಅದ್ದಿ ತೆಗೆದೆ, ಉಜ್ಜಲಿಲ್ಲ, ಉಜ್ಜಿದರೆ ಕ್ರಾಸ್ ಅಂಚು ಎಳೆದುಕೊಳ್ಳುತ್ತದೆ. ಬಣ್ಣ ಬಹುಪಾಲು ಹೋಯಿತು, ತಿಳಿ ಗುಲಾಬಿ ಗುರುತೊಂದು ಉಳಿದಿದೆ. ಇವರು ದೀಪ ಹತ್ತಿರ ಹಿಡಿದು, "ಹೋಗುತ್ತೆ ಬಿಡು" ಎಂದರು.

ಈಗ ಅದು ಬಚ್ಚಲೊಲೆಯ ಮೇಲಿನ ತಂತಿಯಲ್ಲಿ ಮಲಗಿದೆ. ಕೆಂಡ ಇನ್ನೂ ಇದೆ. ನಾಳೆ ಮಳೆ ಸ್ವಲ್ಪ ಹಿಡಿದರೆ ಕುಶಾಲನಗರಕ್ಕೆ ಹೋಗಿ ಪಟ್ಟಿಗೆ ಬೇಕಾದ ಪಾಪ್ಲಿನ್ ತರಬೇಕು.