ಗೋಡೆ ಮೇಲಿನ ತೋಟಕ್ಕೆ ಮೊದ್ಲು ನೀರಿನ ಲೆಕ್ಕ

ವರ್ಟಿಕಲ್ ಗಾರ್ಡನ್ ಮಾಡ್ಬೇಕು ಅನ್ನೋರೆಲ್ಲ ಮೊದ್ಲು ಕೇಳೋದು ಯಾವ ಗಿಡ ಹಾಕ್ಲಿ ಅಂತ. ಗಿಡದ ಮಾತು ಕೊನೆಗಿಟ್ಕೊಳಿ ಅಂತೀನಿ ನಾನು, ಮೊದ್ಲು ಗೋಡೆ ನೋಡಿ, ಆಮೇಲೆ ನೀರು ಎಲ್ಲಿಂದ ಬರತ್ತೆ ಎಲ್ಲಿಗೆ ಹೋಗತ್ತೆ ನೋಡಿ.

ನಮ್ಮದು ಬೆಂಗಳೂರಲ್ಲಿ 30x40 ಸೈಟು, ಸುತ್ತ ಮಣ್ಣೇ ಇಲ್ಲ, ಅದಕ್ಕೆ ಮೊದಲ ಮಹಡಿ ಬಾಲ್ಕನಿಯ ಪೂರ್ವದ ಗೋಡೆಗೆ ಹಾಕಿದ್ವಿ. ಬೆಳಗಿನ ಎಳೆಬಿಸಿಲು ಸಿಕ್ಕಿ ಆಮೇಲೆ ನೆರಳಾಗತ್ತೆ, ಎಲೆಗಿಡಗಳಿಗೆ ಅಷ್ಟು ಸಾಕು. ಪಶ್ಚಿಮದ ಗೋಡೆ ಆದ್ರೆ ಏಪ್ರಿಲಲ್ಲಿ ಮಧ್ಯಾಹ್ನ ಕಾದು ರಾತ್ರಿವರೆಗೂ ಬಿಸಿ ಬಿಡ್ತಾನೇ ಇರತ್ತೆ, ಚಿಕ್ಕ ಪಾಟಲ್ಲಿರೋ ಬೇರು ತಡ್ಕೊಳಲ್ಲ.

ಗೋಡೆಗೆ ವಾಟರ್‌ಪ್ರೂಫ್ ಕೋಟ್ ಹೊಡೆಸಿ, ಜಿಐ (ಸತು ಲೇಪಿಸಿದ ಕಬ್ಬಿಣ) ಫ್ರೇಮ್ ಕೂರಿಸಿ, ಫ್ರೇಮಿಗೂ ಗೋಡೆಗೂ ಮಧ್ಯ ಎರಡು ಇಂಚು ಗ್ಯಾಪ್ ಬಿಡಿಸಿದ್ವಿ. ಈ ಗ್ಯಾಪ್ ಬಿಡ್ಲೇಬೇಕು, ಗಾಳಿ ಆಡಿಲ್ಲ ಅಂದ್ರೆ ಒಳಗಡೆ ಪೇಂಟ್ ಉಬ್ಬಿ ಉದುರತ್ತೆ. ಇನ್ನೊಂದು ವಿಷ್ಯ, ಒದ್ದೆ ಪಾಟುಗಳ ಭಾರ ಎಲ್ಲಾ ಸೇರಿ ಒಬ್ಬ ಮನುಷ್ಯ ನೇತಾಡಿದಷ್ಟು ಆಗತ್ತೆ, ಒಳಗೆ ಟೊಳ್ಳಿರೋ ಹಾಲೋ ಬ್ಲಾಕ್ ಗೋಡೆ ಆದ್ರೆ ಮಾಮೂಲಿ ಆಂಕರ್ ಬೋಲ್ಟ್ ಹಿಡಿಯಲ್ಲ, ಫ್ರೇಮಿನ ಕಾಲು ನೆಲಕ್ಕೇ ಊರೋ ಹಾಗೆ ಮಾಡಿಸಿ.

ಪ್ಯಾರಿಸ್‌ನ ಕೇ ಬ್ರಾನ್ಲಿ ಮ್ಯೂಸಿಯಂ ಗೋಡೆ ಫೋಟೋ ನೋಡಿರ್ತೀರ, ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಮಾಡಿದ್ದು, ಅದರಲ್ಲಿ ಮಣ್ಣೇ ಇಲ್ಲ, ಬರೀ ಫೆಲ್ಟ್ ಅನ್ನೋ ಕಂಬಳಿ ಥರದ ದಪ್ಪ ಬಟ್ಟೆ. ಆನ್‌ಲೈನಲ್ಲಿ ಸಿಗೋ ಫೆಲ್ಟ್ ಪಾಕೆಟ್ ನೋಡಿದ್ರೆ ನಮ್ಮನೇಲೂ ಹಂಗೇ ಮಾಡ್ಬೋದು ಅನ್ಸತ್ತೆ, ಆದ್ರೆ ಅಲ್ಲಿ ಪೈಪಲ್ಲಿ ನೀರು ಗೊಬ್ಬರ ಎರಡೂ ಆಗಾಗ ಹರೀತಾನೇ ಇರತ್ತೆ, ನಮ್ಮ ಬೇಸಿಗೇಲಿ ಕೈಯಲ್ಲಿ ನೀರು ಹಾಕೋರಿಗೆ ಪ್ಲಾಸ್ಟಿಕ್ ಪಾಟೇ ವಾಸಿ. ಪಾಟಿಗೆ ತುಂಬೋಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಸ್ವಲ್ಪ ಪರ್ಲೈಟ್ (ಹಗುರವಾದ ಬಿಳಿ ಹರಳು), ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆ ನೆನೆಸಿದ ಕೆಂಪು ನೀರು ಚೆಲ್ಲಿ ಇನ್ನೊಂದೆರಡು ಸಲ ತೊಳೀರಿ, ಉಪ್ಪಿನಂಶ ಹೋಗ್ಬೇಕು.

ಈಗ ನೀರು. ಮೇಲಿನ ಸಾಲು ಬಿಸಿಲು ಗಾಳಿಗೆ ಬೇಗ ಒಣಗತ್ತೆ, ಮೇಲಿಂದ ಸೋರಿದ್ದೆಲ್ಲ ಕೆಳಗಿನ ಸಾಲಿಗೆ ಇಳ್ದು ಅಲ್ಲಿ ಕೊಳೆ ಶುರುವಾಗತ್ತೆ. ಹಾಗಾಗಿ ಮೇಲೆ ಸ್ಪೈಡರ್ ಪ್ಲಾಂಟ್, ರೋಯೋ, ದೊಡ್ಡಪತ್ರೆ, ಮಧ್ಯ ಮನಿಪ್ಲಾಂಟ್, ಸಿಂಗೋನಿಯಂ, ತೀರಾ ಕೆಳಗೆ ಫರ್ನು, ಪುದೀನ ಇಟ್ಟಿದೀನಿ, ಪುದೀನಕ್ಕೆ ತೇವ ಎಷ್ಟಿದ್ರೂ ಖುಷಿ. ಡ್ರಿಪ್ (ಹನಿ ಹನಿಯಾಗಿ ನೀರು ಬಿಡೋ ಪೈಪು) ಹಾಕಿಸೋ ಮುಂಚೆ ಟ್ಯಾಂಕ್ ಎತ್ತರ ನೋಡ್ಕೊಳಿ, ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಪ್ರೆಷರ್ ಬರತ್ತೆ, ಮೇಲಿನ ಮಹಡಿ ಮನೇಗೆ ಟ್ಯಾಂಕು ತಲೆ ಮೇಲೇ ಇರೋದ್ರಿಂದ ಅಷ್ಟು ಸಿಗಲ್ಲ, ಎಷ್ಟೋ ಡ್ರಿಪ್ಪರ್ ಸರಿಯಾಗಿ ತೊಟ್ಟಿಕ್ಕಲ್ಲ, ಒಂದು ಸಣ್ಣ ಪಂಪು ಬೇಕಾಗತ್ತೆ. ಬೋರ್ ನೀರಾದ್ರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟತ್ತೆ, ಬಿಚ್ಚಿ ವಿನೆಗರಲ್ಲಿ ರಾತ್ರಿ ನೆನೆಸಿಟ್ರೆ ಬಿಡತ್ತೆ.

ಎಲೆ ಬುಡದಲ್ಲಿ ಹತ್ತಿ ಅಂಟಿದ ಹಾಗೆ ಬಿಳಿ ಕಾಣಿಸ್ತು ಅಂದ್ರೆ ಅದು ಹಿಟ್ಟು ತಿಗಣೆ, ಆ ಪಾಟನ್ನ ಕೂಡ್ಲೇ ಗೋಡೆಯಿಂದ ಇಳಿಸ್ಬೇಕು, ಪಾಟು ಒತ್ತೊತ್ತಾಗಿ ಇರೋದ್ರಿಂದ ಬೇಗ ಹರಡತ್ತೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪ್ ದ್ರವ, ಸಂಜೆ ಹೊತ್ತು ಎಲೆ ಅಡಿಗೂ ಬೀಳೋ ಹಾಗೆ ಸ್ಪ್ರೇ ಮಾಡಿ, ವಾರ ಬಿಟ್ಟು ಮತ್ತೆ ಮಾಡಿ. ಕೆಳಗೆ ನೀರು ಹಿಡಿಯೋ ಟ್ರೇನ ಮಾತ್ರ ದಿನಾ ಖಾಲಿ ಮಾಡ್ಲೇಬೇಕು, ಮಳೆಗಾಲದಲ್ಲಿ ಡೆಂಗಿ ಸೊಳ್ಳೆಗೆ ಆ ಒಂದು ಇಂಚು ನೀರೇ ಸಾಕು.